ಏರ್ ರೈಫಲ್ ಸೋರ್ತಾ ಇದೆ, ಗಟ್ಟಿ ಸ್ಪ್ರಿಂಗ್ ಹಾಕಿಸಲೇ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು. ಭಾವ ಬೆಂಗಳೂರಿಗೆ ಹೋಗುವಾಗ ತಮ್ಮ ಪಿಸಿಪಿ (ಸಿಲಿಂಡರಿಗೆ ಮೊದಲೇ ಗಾಳಿ ತುಂಬಿಸಿಟ್ಟು ಹೊಡೆಯುವ) ಏರ್ ರೈಫಲ್ ನಮ್ಮನೆಯಲ್ಲೇ ಬಿಟ್ಟುಹೋದರು. 4.5 ಮಿಮೀ ನಳಿಗೆ. ಕೈಪಂಪಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿಸಿಟ್ಟರೆ ಬೆಳಗಾಗುವಷ್ಟರಲ್ಲಿ 170ಕ್ಕೆ ಇಳಿದಿರುತ್ತದೆ. ಶಿವಮೊಗ್ಗದ ಲೇತ್‌ನವರೊಬ್ಬರು "ವಾಲ್ವ್ ಸ್ಪ್ರಿಂಗ್ ಸತ್ತಿದೆ, ಗಟ್ಟಿದು ಹಾಕಿ ಕೊಡ್ತೀನಿ, ಸೋರೋದೂ ನಿಲ್ಲುತ್ತೆ, ಹೊಡೆತಾನೂ ಜಾಸ್ತಿ ಆಗುತ್ತೆ" ಅಂದರು. ಪಿಯುಸಿ ಓದುವ ಮಗನಿಗೆ 10 ಮೀಟರ್ ಶೂಟಿಂಗ್ ಕಲಿಯುವ ಆಸೆ. ಸ್ಪ್ರಿಂಗ್ ಹಾಕಿಸಬಹುದೇ? ವಾಲ್ವ್ ಸೇಫ್ ಆಗಿದೆ ಅಂತ ಹೇಗೆ ತಿಳಿಯುವುದು?

ಉತ್ತರ: ಹಾಕಿಸಬೇಡಿ. ಲೇತ್‌ನವರು ಕೆಟ್ಟವರಲ್ಲ, ಪಂಪ್‌ಸೆಟ್ಟಿನ ಶಾಫ್ಟ್ ಕೊಟ್ಟರೆ ಕೂದಲೆಳೆ ವ್ಯತ್ಯಾಸ ಬರದ ಹಾಗೆ ತಿರುಗಿಸಿ ಕೊಟ್ಟಾರು. ಆದರೆ ಈ ವಿಷಯದಲ್ಲಿ ಅವರ ಲೆಕ್ಕ ತಪ್ಪಿದೆ.

ನಿಮ್ಮ ಮನೆಯ ಗ್ಯಾಸ್ ಸಿಲಿಂಡರಿನ ಬಾಯಿ ನೋಡಿದ್ದೀರಲ್ಲ? ನಡುವೆ ಒಂದು ಪಿನ್ ಇರುತ್ತೆ. ರೆಗ್ಯುಲೇಟರ್ ಕೂರಿಸಿ ತಿರುಗಿಸಿದರೆ ಪಿನ್ ಒಳಗೆ ಹೋಗಿ ಗ್ಯಾಸ್ ಬರುತ್ತೆ. ತೆಗೆದರೆ ಪಿನ್ ಮೇಲೆ ಬಂದು ಬಾಯಿ ಮುಚ್ಚಿಕೊಳ್ಳುತ್ತೆ. ನಿಮ್ಮ ರೈಫಲ್ಲಿನ ವಾಲ್ವ್ ಕೂಡ ಇದೇ ಜಾತಿ. ಗಾಳಿ ತುಂಬಿದ ಸಿಲಿಂಡರ್ ಒಂದು ಕಡೆ, ನಳಿಗೆ ಇನ್ನೊಂದು ಕಡೆ. ನಡುವೆ ಸೀಟು, ಸೀಟಿನ ಮೇಲೆ ಕೂರುವ ಮುಚ್ಚಳ, ಮುಚ್ಚಳದಿಂದ ಹಿಂದಕ್ಕೆ ಚಾಚಿದ ಒಂದು ಕಡ್ಡಿ. ಟ್ರಿಗರ್ ಎಳೆದಾಗ ಹ್ಯಾಮರ್ ಬಂದು ಆ ಕಡ್ಡಿಗೆ ಬಡಿಯುತ್ತೆ. ಹಳೇ ಕೋವಿಯಲ್ಲಿ ಕುದುರೆ ಅಂತೀವಲ್ಲ, ಇದು ಅದರ ತಮ್ಮ. ಬಡಿದ ಕೂಡಲೇ ಮುಚ್ಚಳ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ತೆರೆದು ಮುಚ್ಚುತ್ತೆ. ಆ ಗ್ಯಾಪಿನಲ್ಲಿ ನುಗ್ಗಿದ ಗಾಳಿಯೇ ಪೆಲ್ಲೆಟ್ಟನ್ನು, ಅಂದರೆ ಸಣ್ಣ ಗುಂಡನ್ನು, ತಳ್ಳುವುದು.

ಈಗ ಲೆಕ್ಕ. ಸೀಟಿನ ತೂತು 6 ಮಿಮೀ ಅಂತ ಇಟ್ಟುಕೊಳ್ಳಿ. 200 ಬಾರ್ ಗಾಳಿ ಮುಚ್ಚಳವನ್ನು ಸುಮಾರು 57 ಕಿಲೋ ಭಾರದಲ್ಲಿ ಸೀಟಿಗೆ ಒತ್ತಿ ಹಿಡಿದಿರುತ್ತೆ. ಒಳಗಿನ ಸ್ಪ್ರಿಂಗ್ ಒತ್ತುವುದು ಹೆಚ್ಚೆಂದರೆ ಒಂದೆರಡು ಕಿಲೋ. 57 ಕಿಲೋ ಒತ್ತಿದರೂ ಸೋರುವ ವಾಲ್ವ್, ಇನ್ನೆರಡು ಕಿಲೋ ಸೇರಿಸಿದರೆ ಸೋರೋದು ನಿಲ್ಲಿಸುತ್ತಾ? ಬಾಗಿಲಿಗೆ ಆನೆ ಒರಗಿ ನಿಂತಿರುವಾಗ ಪಕ್ಕದಲ್ಲಿ ಆಡಿನ ಮರಿ ಕಟ್ಟಿದ ಹಾಗಾಯಿತು. ಸ್ಪ್ರಿಂಗಿನ ಕೆಲಸ ಇರುವುದು ಸಿಲಿಂಡರ್ ಖಾಲಿ ಇರುವಾಗ, ತುಂಬಿಸಲು ಶುರು ಮಾಡುವ ಮೊದಲ ಕ್ಷಣಗಳಲ್ಲಿ. ಆಮೇಲೆ ಗಾಳಿಯೇ ಮುಚ್ಚಳವನ್ನು ಹಿಡಿದುಕೊಳ್ಳುತ್ತೆ.

ಅಂದರೆ ನಿಮ್ಮ ರೈಫಲ್ ಸೋರುತ್ತಿರುವುದಕ್ಕೆ ಬೇರೆ ಕಾರಣ ಇದೆ. ಸೀಟಿನ ಮೇಲೆ ಗೀರು ಬಿದ್ದಿರಬಹುದು, ಕಸದ ಕಣ ಕೂತಿರಬಹುದು, ಎಲ್ಲೋ ಒಂದು ಓ-ರಿಂಗ್, ಅಂದರೆ ಗಾಳಿ ತಡೆಯುವ ರಬ್ಬರ್ ಬಳೆ, ಒಣಗಿ ಬಿರುಕು ಬಿಟ್ಟಿರಬಹುದು. ಮೂವತ್ತು ಬಾರೂ ಸೋರಿಕೆಯೇ ಅಂತ ನನಗೆ ಅನ್ನಿಸುವುದಿಲ್ಲ. ಕೈಪಂಪಿನಲ್ಲಿ ಸರಸರ ತುಂಬಿಸಿದಾಗ ಗಾಳಿ ಬಿಸಿಯಾಗುತ್ತೆ. 40 ಡಿಗ್ರಿಯಲ್ಲಿ 200 ತೋರಿಸಿದ ಗೇಜು, ರಾತ್ರಿ 22 ಡಿಗ್ರಿಗೆ ತಣಿದಾಗ ಏನೂ ಸೋರದೆಯೇ 188ರ ಹತ್ತಿರ ಬಂದು ನಿಲ್ಲುತ್ತೆ. ನಿಮ್ಮ ಕಡೆ ಮಳೆಗಾಲದ ರಾತ್ರಿ ಹೇಗಿರುತ್ತೆ ಅಂತ ನಿಮಗೇ ಗೊತ್ತು. ತುಂಬಿಸಿ ಒಂದು ಗಂಟೆ ಬಿಟ್ಟು ಗೇಜು ನೋಡಿ, ಅದನ್ನು ಬರೆದಿಡಿ, ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ. ನಿಜವಾದ ಸೋರಿಕೆ ಎಷ್ಟು ಅಂತ ಆಗ ತಿಳಿಯುತ್ತೆ.

ಇನ್ನು "ಹೊಡೆತಾನೂ ಜಾಸ್ತಿ" ಅನ್ನುವ ಮಾತು. ನನಗೆ ಭಯ ಆಗುವುದು ಇಲ್ಲೇ. ವಾಲ್ವ್ ಸ್ಪ್ರಿಂಗ್ ಗಟ್ಟಿ ಮಾಡಿದರೆ ಹೊಡೆತ ಕಮ್ಮಿ ಆಗಬೇಕು, ಯಾಕಂದರೆ ಮುಚ್ಚಳ ತೆರೆಯುವುದೇ ಕಷ್ಟ ಆಗುತ್ತೆ. ಹಾಗಾಗಿ ಮುಂದಿನ ಹೆಜ್ಜೆ ಹ್ಯಾಮರ್ ಸ್ಪ್ರಿಂಗನ್ನೂ ಗಟ್ಟಿ ಮಾಡುವುದು. ಆ ಸ್ಪ್ರಿಂಗನ್ನು ಎಳೆದು ಹಿಡಿದಿರುವುದು ಟ್ರಿಗರ್ ಮೇಲಿನ ಒಂದು ಸಣ್ಣ ಕೊಕ್ಕೆ. ಕೊಕ್ಕೆಯ ಅಂಚು ಉಗುರಿನ ತುದಿಗಿಂತ ಸಣ್ಣದು, ಹಳೇ ಸ್ಪ್ರಿಂಗಿಗೆ ಲೆಕ್ಕ ಹಾಕಿ ಮಾಡಿದ್ದು. ಭಾರ ಜಾಸ್ತಿ ಆದರೆ ಅಂಚು ಬೇಗ ಸವೆಯುತ್ತೆ. ಸವೆದ ಕೊಕ್ಕೆ ಒಂದು ದಿನ ಟ್ರಿಗರ್ ಮುಟ್ಟದೆಯೇ ಬಿಟ್ಟುಕೊಡುತ್ತೆ. ಬೋಲ್ಟ್ ಸ್ವಲ್ಪ ಜೋರಾಗಿ ಮುಚ್ಚಿದಾಗಲೋ, ರೈಫಲ್ ಗೋಡೆಗೆ ಒರಗಿಸಿದಾಗಲೋ ಈಡು ಹಾರುತ್ತೆ. ಸೋರುವ ವಾಲ್ವಿನಿಂದ ನಷ್ಟ ಆಗುವುದು ಗಾಳಿ ಮಾತ್ರ. ಅದನ್ನು ರಿಪೇರಿ ಮಾಡಲು ಹೋಗಿ ತಾನಾಗಿ ಹಾರುವ ಕೋವಿ ಮಾಡಿಕೊಂಡ ಹಾಗಾಗುತ್ತೆ.

ಕಾನೂನಿನ ಮಾತೂ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ 4.5 ಮಿಮೀ ದಾಟಿದರೆ, ಅಥವಾ ಪೆಲ್ಲೆಟ್ಟಿನ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು. ಸ್ಪ್ರಿಂಗ್ ಬದಲಿಸಿ 20 ದಾಟಿಸಿದರೆ ಮನೆಯಲ್ಲಿ ಲೈಸೆನ್ಸ್ ಇಲ್ಲದ ಆಯುಧ ಇಟ್ಟುಕೊಂಡ ಹಾಗೆ. ಮಗ ಕಲಿಯಬೇಕು ಅಂದಿರುವ 10 ಮೀಟರ್ ಸ್ಪರ್ಧೆಗೆ ಅಷ್ಟು ಹೊಡೆತದ ಅಗತ್ಯವೇ ಇಲ್ಲ. ಅಲ್ಲಿನ ರೈಫಲ್‌ಗಳು ಏಳೆಂಟು ಜೂಲಿನ ಆಸುಪಾಸು ಇರುತ್ತವೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ.

ನಿಮ್ಮ ಎರಡನೇ ಪ್ರಶ್ನೆ ಒಳ್ಳೆಯದು. ವಾಲ್ವ್ ಸೇಫ್ ಅಂದರೆ ಏನು? ನಾನು ಕೇಳುವುದು ಒಂದೇ: ಇದು ಕೆಟ್ಟರೆ ಯಾವ ಕಡೆಗೆ ಕೆಡುತ್ತೆ? ಕೆಡದ ವಾಲ್ವ್ ಅಂತ ಇಲ್ಲ. ರಬ್ಬರ್ ಒಣಗುತ್ತೆ, ಪ್ಲಾಸ್ಟಿಕ್ ಸೀಟು ಸವೆಯುತ್ತೆ, ಸ್ಪ್ರಿಂಗ್ ಸಾಯುತ್ತೆ. ಕೆಟ್ಟಾಗ ಸುಮ್ನೆ ಸೋರಿ ಖಾಲಿಯಾದರೆ ಅದು ಒಳ್ಳೆಯ ವಿನ್ಯಾಸ. ಕೆಟ್ಟಾಗ ಗುಂಡು ಹಾರಿದರೆ, ಇಲ್ಲಾ ಸಿಲಿಂಡರ್ ಒಡೆದರೆ ಅದು ಕೆಟ್ಟ ವಿನ್ಯಾಸ. ಕುಕ್ಕರ್ ಮಾಡಿದವರು ಇದನ್ನು ಯಾವಾಗಲೋ ಅರ್ಥ ಮಾಡಿಕೊಂಡಿದ್ದಾರೆ. ವಿಷಲ್ ಕಟ್ಟಿಕೊಂಡರೆ ಸೇಫ್ಟಿ ವಾಲ್ವ್ ಕರಗಿ ಹೋಗುತ್ತೆ, ಬೇಳೆಯೆಲ್ಲ ಸೂರಿಗೆ ಚಿಮ್ಮುತ್ತೆ, ಕುಕ್ಕರ್ ಮಾತ್ರ ಒಡೆಯುವುದಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಏರ್ ಗನ್ ಅಂದ ಕೂಡಲೇ ಎಲ್ಲರ ಕಣ್ಣು ನಳಿಗೆಯ ಬಾಯಿ ಕಡೆಗೆ ಹೋಗುತ್ತೆ. ಅಲ್ಲಿಂದ ಬರುವುದು ಹೆಚ್ಚೆಂದರೆ 20 ಜೂಲ್. ಸಿಲಿಂಡರಿನಲ್ಲಿ ಎಷ್ಟಿದೆ ಗೊತ್ತಾ? 200 ಎಂಎಲ್ ಸಿಲಿಂಡರಿಗೆ 200 ಬಾರ್ ತುಂಬಿಸಿದರೆ, ಅದು ಒಮ್ಮೆಲೇ ಬಿಚ್ಚಿಕೊಂಡಾಗ ಹತ್ತಿರ ಹತ್ತಿರ 8,000 ಜೂಲ್. ಹತ್ತು ಮೀಟರ್ ಎತ್ತರದ ಅಡಿಕೆ ಮರದ ತುದಿಯಿಂದ 80 ಕಿಲೋ ಮೂಟೆ ಬಿದ್ದಷ್ಟು. ಅದನ್ನು ನಿಮ್ಮ ಮಗ ಕೆನ್ನೆಗೆ ಒತ್ತಿಕೊಂಡು ಗುರಿ ನೋಡುತ್ತಾನೆ.

ಒಂದು ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದಿನ ಮಾತು. ರಿಪೇರಿಗೆ ಒಂದು ಏರ್ ಪಿಸ್ತೂಲ್ ಬಂದಿತ್ತು. ಗೇಜಿನ ಮುಳ್ಳು ಸೊನ್ನೆ ಮೇಲೆ ಮಲಗಿತ್ತು. ಕಾಕ್ ಮಾಡಿ, ಅಂದರೆ ಹ್ಯಾಮರನ್ನು ಹಿಂದಕ್ಕೆಳೆದು ಕೊಕ್ಕೆಗೆ ಸಿಕ್ಕಿಸಿ, ಎರಡು ಸಲ ಟ್ರಿಗರ್ ಎಳೆದೆ, ಟಕ್ ಟಕ್ ಅಂತಷ್ಟೇ ಬಂತು, ಗಾಳಿ ಇಲ್ಲ. ಖಾಲಿ ಅಂದುಕೊಂಡೆ. ವೈಸಿಗೆ ಕಟ್ಟಿ ಸಿಲಿಂಡರಿನ ತುದಿ ಪ್ಲಗ್ ಬಿಚ್ಚಲು ಶುರು ಮಾಡಿದೆ. ಮೊದಲ ಸುತ್ತು ಬಿಗಿ ಇತ್ತು, ಎರಡನೆಯದೂ ಬಿಗಿ. ಖಾಲಿ ಸಿಲಿಂಡರಿನ ಪ್ಲಗ್ ಅಷ್ಟು ಬಿಗಿ ಇರಬಾರದು. ಕೈಗೆ ತಿಳಿದಿದ್ದು ತಲೆಗೆ ತಿಳಿಯಲಿಲ್ಲ. ಮೂರನೇ ಸುತ್ತಿಗೆ ಪಕ್ಕದ ಸಣ್ಣ ತೂತಿನಿಂದ ಸುಂಯ್ ಅಂತ ಕಿವಿ ಸೀಳುವ ಹಾಗೆ ಗಾಳಿ ಹೊರಟಿತು. ಸ್ಪ್ಯಾನರ್ ಬಿಟ್ಟು ಹಿಂದೆ ಸರಿದೆ. ಖಾಲಿಯಾಗಲು ಅರ್ಧ ನಿಮಿಷ ಹಿಡಿಯಿತು. ಕೈ ನಡುಕ ನಿಲ್ಲಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು.

ಆಗಿದ್ದು ಇಷ್ಟು. ಗೇಜಿನ ಮುಳ್ಳು ಸಿಕ್ಕಿಹಾಕಿಕೊಂಡಿತ್ತು. ಸಿಲಿಂಡರಿನಲ್ಲಿ ಮಿತಿ ಮೀರಿ ಗಾಳಿ ತುಂಬಿಸಿದ್ದರು. ಒತ್ತಡ ಜಾಸ್ತಿ ಆದಷ್ಟೂ ಮುಚ್ಚಳ ಬಿಗಿಯಾಗುತ್ತೆ ಅಂದೆನಲ್ಲ, ಎಷ್ಟು ಬಿಗಿ ಅಂದರೆ ಹ್ಯಾಮರ್ ಬಡಿದರೂ ಅದು ತೆರೆಯಲಿಲ್ಲ. ನಾವು ಇದಕ್ಕೆ ವಾಲ್ವ್ ಲಾಕ್ ಅಂತೀವಿ. ತುಂಬಿ ತುಳುಕುವ ಗನ್ನು ಖಾಲಿ ಗನ್ನಿನ ಹಾಗೆಯೇ ಟಕ್ ಅನ್ನುತ್ತೆ. ನನ್ನ ಮುಖ ಉಳಿಸಿದ್ದು ಆ ಸಣ್ಣ ತೂತು. ವಿನ್ಯಾಸ ಮಾಡಿದ ಪುಣ್ಯಾತ್ಮ ಓ-ರಿಂಗ್ ಕೂರುವ ಜಾಗಕ್ಕಿಂತ ಸ್ವಲ್ಪ ಹೊರಗೆ ಅದನ್ನು ಕೊರೆದಿದ್ದ. ಪ್ಲಗ್ ಬಿಚ್ಚುವಾಗ ಓ-ರಿಂಗ್ ಆ ತೂತನ್ನು ದಾಟುತ್ತೆ. ಆಗ ಥ್ರೆಡ್ ಇನ್ನೂ ಐದಾರು ಸುತ್ತು ಕಚ್ಚಿಕೊಂಡಿರುತ್ತೆ. ಪ್ಲಗ್ ಹಾರುವ ಮುಂಚೆ ಗಾಳಿ ಹೊರಟುಹೋಗುತ್ತೆ. ಒಂದು ಡ್ರಿಲ್ ಬಿಟ್ಟಿನ ಖರ್ಚು, ಅಷ್ಟೇ.

ಅವತ್ತಿನಿಂದ ಯಾವ ಏರ್ ಗನ್ ಕೈಗೆ ಬಂದರೂ ನಾನು ಮೊದಲು ನೋಡುವುದು ಇಂಥ ತೂತು ಇದೆಯಾ, ಗಾಳಿ ಬಿಡಲು ಹೊರಗಿನಿಂದಲೇ ತಿರುಗಿಸುವ ಸ್ಕ್ರೂ ಇದೆಯಾ ಅಂತ. ಸ್ಕ್ರೂ ಇದ್ದರೆ ಏನನ್ನೂ ಬಿಚ್ಚದೆ ಸಿಲಿಂಡರ್ ಖಾಲಿ ಮಾಡಬಹುದು. ಗೇಜು ಯಾವ ಕಡೆಗಿದೆ ಅನ್ನುವುದೂ ಮುಖ್ಯ. ರೆಗ್ಯುಲೇಟರ್ (ಸಿಲಿಂಡರಿನ ಒತ್ತಡ ಇಳಿಸಿ ವಾಲ್ವಿಗೆ ಕೊಡುವ ಭಾಗ) ಇರುವ ರೈಫಲ್ಲಿನಲ್ಲಿ ಕೆಲವು ಗೇಜು ರೆಗ್ಯುಲೇಟರಿನ ಆಚೆಯ ಕಮ್ಮಿ ಒತ್ತಡ ಮಾತ್ರ ತೋರಿಸುತ್ತವೆ. ಸಿಲಿಂಡರಿನ ಒಳಗೆ ಎಷ್ಟಿದೆ ಅಂತ ಹೇಳುವ ಗೇಜು ಇರಲೇಬೇಕು.

ಇನ್ನೊಂದು, ಬರ್ಸ್ಟ್ ಡಿಸ್ಕ್. ತೆಳು ಲೋಹದ ಬಿಲ್ಲೆ, ಕುಕ್ಕರಿನ ಸೇಫ್ಟಿ ವಾಲ್ವಿನ ಕೆಲಸವೇ ಇದರದ್ದೂ. ಮಿತಿ ಮೀರಿದರೆ ಬಿಲ್ಲೆ ಹರಿದು ಗಾಳಿ ಹೊರಗೆ ಹೋಗುತ್ತೆ. ಒಂದೇ ದಿಕ್ಕಿಗೆ ಗಾಳಿ ನುಗ್ಗಿದರೆ ಗನ್ನು ರಾಕೆಟ್ಟಿನ ಹಾಗೆ ಉಲ್ಟಾ ತಳ್ಳುತ್ತೆ, ಅದಕ್ಕೆ ಒಳ್ಳೆಯ ವಿನ್ಯಾಸದಲ್ಲಿ ಎದುರು ಬದುರು ತೂತು ಕೊಟ್ಟಿರುತ್ತಾರೆ. ಹರಿದಾಗ ಪಟಾಕಿಯಂಥ ಸದ್ದು. ಆ ಸದ್ದಿಗೆ ಹೆದರಿ, ಹೊಸ ಡಿಸ್ಕಿಗೆ ದುಡ್ಡು ಯಾಕೆ ಅಂತ ದಪ್ಪ ತಗಡು ಕತ್ತರಿಸಿ ಕೂರಿಸಿದ ಒಂದೆರಡು ಗನ್ ನಾನೇ ನೋಡಿದ್ದೇನೆ. ಫ್ಯೂಸ್ ಹೋಯಿತು ಅಂತ ಮೊಳೆ ಸಿಕ್ಕಿಸುವ ಬುದ್ಧಿ ಅದು.

ರೆಗ್ಯುಲೇಟರಿನ ವಿಷಯದಲ್ಲೂ ಇದೇ ಕಥೆ. ಸಿಲಿಂಡರಿನ 200 ಬಾರನ್ನು 70ಕ್ಕೋ 80ಕ್ಕೋ ಇಳಿಸಿ ವಾಲ್ವಿಗೆ ಕೊಡುವುದು ಅದರ ಕೆಲಸ. ಪ್ರತಿ ಈಡೂ ಒಂದೇ ವೇಗದಲ್ಲಿ ಹೋಗುತ್ತೆ. ಅದರ ಹೊಟ್ಟೆಯಲ್ಲಿ ತಟ್ಟೆಯ ಆಕಾರದ ಸ್ಪ್ರಿಂಗ್ ವಾಷರ್‌ಗಳ ಸಾಲು ಇರುತ್ತೆ. ಆ ಜಾಗ ಹೊರಗಿನ ಗಾಳಿಗೆ ತೆರೆದಿರಬೇಕು, ಅದಕ್ಕೇ ರೈಫಲ್ಲಿನ ಪಕ್ಕದಲ್ಲಿ ಒಂದು ಸೂಜಿ ತೂತು. ಒಳಗಿನ ಓ-ರಿಂಗ್ ಕೆಟ್ಟರೆ ಗಾಳಿ ಆ ತೂತಿನಿಂದ ಸೋರುತ್ತೆ. ಅಂದರೆ ರೆಗ್ಯುಲೇಟರ್ ಕೆಟ್ಟಿದೆ ಅಂತ ಅದು ನಿಮಗೆ ಹೇಳುತ್ತಿದೆ. ಜನ ಏನು ಮಾಡುತ್ತಾರೆ? ಎಂ-ಸೀಲ್ ಮೆತ್ತುತ್ತಾರೆ! ಸೋರಿಕೆ ನಿಲ್ಲುತ್ತೆ. ಗಾಳಿ ಒಳಗೇ ತುಂಬಿಕೊಂಡು ರೆಗ್ಯುಲೇಟರ್ ಮುಚ್ಚಿಕೊಳ್ಳುವುದನ್ನೇ ಬಿಡುತ್ತೆ, ವಾಲ್ವಿಗೆ ಪೂರ್ತಿ 200 ಬಾರ್ ಬಂದು ಬಡಿಯುತ್ತೆ. ನಿಮ್ಮ ರೈಫಲ್ಲಿನ ಮೈಮೇಲೆ ಎಲ್ಲಾದರೂ ಎಂ-ಸೀಲ್ ಮೆತ್ತಿದ ಗುರುತು ಇದ್ದರೆ ಅದಕ್ಕೆ ಗಾಳಿ ತುಂಬಿಸುವುದನ್ನು ಇವತ್ತೇ ನಿಲ್ಲಿಸಿ.

ಈಗ ಹ್ಯಾಮರಿನ ವಿಷಯ. ಮಗನ ಕೈಗೆ ಕೊಡುವ ಗನ್ನಿನಲ್ಲಿ ಇದನ್ನು ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸುತ್ತೇನೆ. ಹಲವು ಅಗ್ಗದ ರೈಫಲ್‌ಗಳಲ್ಲಿ ಕಾಕ್ ಮಾಡದೆ ಇದ್ದಾಗ ಹ್ಯಾಮರ್ ವಾಲ್ವಿನ ಕಡ್ಡಿಯ ಮೇಲೆಯೇ ಒರಗಿ ಕೂತಿರುತ್ತೆ, ಹಿಂದಿನಿಂದ ಸ್ಪ್ರಿಂಗ್ ಅದನ್ನು ತಳ್ಳುತ್ತಲೇ ಇರುತ್ತೆ. ಇದರಿಂದ ಎರಡು ಕೇಡು. ಒಂದು, ರೈಫಲ್ ಕೈಜಾರಿ ಬಿದ್ದರೆ ಹ್ಯಾಮರಿನ ತೂಕವೇ ಕಡ್ಡಿಯನ್ನು ಒತ್ತಿ ಒಂದಿಷ್ಟು ಗಾಳಿ ನಳಿಗೆಗೆ ಹೋಗಬಹುದು. ನಳಿಗೆಯಲ್ಲಿ ಪೆಲ್ಲೆಟ್ ಇದ್ದರೆ ಅದೂ ಹೊರಡುತ್ತೆ. ಎರಡನೆಯದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಪೂರ್ತಿ ಖಾಲಿಯಾದ ರೈಫಲ್ಲಿಗೆ ಪಂಪ್ ಹೊಡೆದರೆ ಗಾಳಿ ನಿಲ್ಲುವುದೇ ಇಲ್ಲ, ಹ್ಯಾಮರ್ ಕಡ್ಡಿಯನ್ನು ಒತ್ತಿ ಮುಚ್ಚಳ ತೆರೆದಿಟ್ಟಿರುತ್ತಲ್ಲ. ಅದಕ್ಕೆ ಕಾಕ್ ಮಾಡಿ ತುಂಬಿಸಿ ಅಂತ ಹೇಳಿಕೊಡುತ್ತಾರೆ. ಅಂದರೆ ಕುದುರೆ ಎತ್ತಿದ ಕೋವಿಯನ್ನು ಕಾಲ ಹತ್ತಿರ ಇಟ್ಟುಕೊಂಡು, ಬೆವರು ಸುರಿಸಿ ನೂರಾರು ಸಲ ಪಂಪ್ ಹೊಡೆಯಬೇಕು!

ಒಳ್ಳೆಯ ವಿನ್ಯಾಸದಲ್ಲಿ ಹ್ಯಾಮರ್ ಸ್ಪ್ರಿಂಗನ್ನು ಸ್ವಲ್ಪ ಗಿಡ್ಡ ಮಾಡಿರುತ್ತಾರೆ. ಹ್ಯಾಮರ್ ಕೊನೆಯ ಒಂದೆರಡು ಮಿಲಿಮೀಟರನ್ನು ಓಡಿ ಬಂದ ವೇಗದಲ್ಲೇ ದಾಟಿ ಬಡಿಯುತ್ತೆ, ಸುಮ್ಮನಿದ್ದಾಗ ಕಡ್ಡಿಯನ್ನು ಒತ್ತುವುದಿಲ್ಲ. ಇನ್ನೂ ಒಳ್ಳೆಯದರಲ್ಲಿ ಹ್ಯಾಮರಿಗೂ ಕಡ್ಡಿಗೂ ನಡುವೆ ಒಂದು ಅಡ್ಡಪಟ್ಟಿ ಇರುತ್ತೆ, ಟ್ರಿಗರ್ ಪೂರ್ತಿ ಎಳೆದರೆ ಮಾತ್ರ ಅದು ಪಕ್ಕಕ್ಕೆ ಸರಿಯುತ್ತೆ. ಕೊಕ್ಕೆ ಜಾರಿದರೂ ಹ್ಯಾಮರ್ ಬಂದು ಪಟ್ಟಿಗೆ ಬಡಿದು ನಿಲ್ಲುತ್ತೆ. ಹೊಸದು ಕೊಳ್ಳುವುದಾದರೆ ಅಂಗಡಿಯವರಿಗೆ ಹೊಡೆತ ಎಷ್ಟು ಅಂತ ಕೇಳುವ ಮುಂಚೆ ಇದನ್ನು ಕೇಳಿ.

ತುಂಬಿಸುವ ಬಗ್ಗೆ ಎರಡು ಮಾತು. ನಿಮ್ಮದು ಮಳೆನಾಡು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತೆ, ನಿಮ್ಮೂರು ಅಲ್ಲಿಂದ ಬಹಳ ದೂರವೇನಲ್ಲ. ಆ ಹಸಿ ಗಾಳಿಯನ್ನು ಇನ್ನೂರು ಪಟ್ಟು ಹಿಂಡಿದರೆ ನೀರು ಬಿಡದೆ ಇರುತ್ತಾ? ಅದು ಸಿಲಿಂಡರಿನ ಒಳಗೆ ತುಕ್ಕು ಹಿಡಿಸುತ್ತೆ, ತುಕ್ಕಿನ ಪುಡಿ ವಾಲ್ವ್ ಸೀಟಿಗೆ ಹೋಗಿ ಕೂರುತ್ತೆ. ನಿಮ್ಮ ಸೋರಿಕೆಗೆ ಕಾರಣ ಬಹುಶಃ ಅದೇ. ಪಂಪಿಗೆ ಸಿಲಿಕಾ ಜೆಲ್ ಫಿಲ್ಟರ್ ಇದ್ದರೆ ಮಳೆಗಾಲದಲ್ಲಿ ಅದರ ಕಾಳು ಬೇಗ ಬೇಗ ಬದಲಿಸಿ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಬಿಟ್ಟು ಬೇರೇನೂ ಹಚ್ಚಬೇಡಿ. ಹೊಲಿಗೆ ಮಷಿನ್ ಎಣ್ಣೆ, ಬೈಕಿನ ಗ್ರೀಸ್ ಖಂಡಿತ ಬೇಡ. ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ಎಣ್ಣೆ ಹೇಗೆ ಹತ್ತಿಕೊಳ್ಳುತ್ತೋ ಹಾಗೆಯೇ ಇಲ್ಲೂ ಹತ್ತಿಕೊಳ್ಳಬಹುದು. ವೆಲ್ಡಿಂಗ್ ಶಾಪಿನ ಆಕ್ಸಿಜನ್ ಸಿಲಿಂಡರಿನಿಂದ ತುಂಬಿಸಿಕೊಡ್ತೀನಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆಕ್ಸಿಜನ್, ಎಣ್ಣೆ, ಒತ್ತಡ ಮೂರೂ ಸೇರಿದರೆ ಅದು ಬಾಂಬ್.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಗನ್ ಇದಕ್ಕಿಂತ ವಾಸಿ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಒತ್ತಡ ಕಮ್ಮಿ ನಿಜ, 20 ಡಿಗ್ರಿಯಲ್ಲಿ 57 ಬಾರ್ ಆಸುಪಾಸು. ಆದರೆ 31 ಡಿಗ್ರಿ ದಾಟಿದರೆ ಅದರಲ್ಲಿ ದ್ರವ ಅಂತ ಉಳಿಯುವುದಿಲ್ಲ. ಜಾಸ್ತಿ ತುಂಬಿದ ಸಿಲಿಂಡರಿನಲ್ಲಿ ಒತ್ತಡ ನೆಟ್ಟಗೆ ಮೇಲಕ್ಕೆ ಏರುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಡಬೇಡಿ. ಅಮೆರಿಕದಲ್ಲಿ ಪೇಂಟ್‌ಬಾಲ್ ಆಡುವವರು ಇಂಥ ಸಿಲಿಂಡರ್ ಗನ್ನಿನಿಂದ ಬಿಚ್ಚುವಾಗ ಅದರ ವಾಲ್ವೇ ಬಿಚ್ಚಿಕೊಂಡು, ಸಿಲಿಂಡರ್ ಹಾರಿ ಜನ ಸತ್ತಿದ್ದಾರೆ. ಅದಕ್ಕೆ ಅಲ್ಲಿ ಹೇಳಿಕೊಡುವ ಉಪಾಯ ಬಹಳ ಸುಲಭ: ವಾಲ್ವಿನ ಮೇಲೂ ಸಿಲಿಂಡರಿನ ಮೇಲೂ ಸೇರಿಸಿ ಒಂದು ಬಣ್ಣದ ಗೆರೆ. ತಿರುಗಿಸುವಾಗ ಗೆರೆ ಮುರಿದು ಎರಡಾದರೆ ವಾಲ್ವ್ ಬಿಚ್ಚಿಕೊಳ್ಳುತ್ತಿದೆ ಅಂತ ಅರ್ಥ, ಅಲ್ಲೇ ಕೈ ಬಿಡಬೇಕು. ನಾನು ಮನೆಯವಳ ನೇಲ್ ಪಾಲಿಶ್ ಕದ್ದು ಎಳೆಯುತ್ತೇನೆ. ಕೆಂಪು ಚೆನ್ನಾಗಿ ಕಾಣುತ್ತೆ.

ನೀವು ಕೇಳಿಲ್ಲ, ಆದರೂ ಅಡಿಕೆ ತೋಟದ ಸೀಮೆಯವರು ಅಂತ ಹೇಳಿಬಿಡುತ್ತೇನೆ. ಮಂಗನ ಕಾಟ ನನಗೂ ಗೊತ್ತು. ಈ ರೈಫಲ್ಲಿನಿಂದ ಮಂಗನಿಗೆ ಹೊಡೆಯಬೇಡಿ. ಪೆಲ್ಲೆಟ್ಟಿಗೆ ಮಂಗ ಅಲ್ಲೇ ಸಾಯುವುದಿಲ್ಲ. ಗಾಯ ಮಾಡಿಕೊಂಡು ಹೋಗಿ ಎಲ್ಲೋ ಹಳುವಿನಲ್ಲಿ ಸಾಯುತ್ತೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇರುವ ನಾಡು ನಮ್ಮದು. ಸತ್ತ ಮಂಗನಿಂದ ಉದುರುವ ಉಣುಗು ಆ ಕಾಯಿಲೆಯನ್ನು ಮನುಷ್ಯರಿಗೆ ಹರಡುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ನಿಮ್ಮ ರೈಫಲ್ಲಿಗೆ ಬರೋಣ. ತುಂಬಿಸಿದ ಮೇಲೆ ಸೋಪಿನ ನೊರೆಯನ್ನು ಬ್ರಷ್ಷಿನಲ್ಲಿ ಹಚ್ಚಿ ನೋಡಿ. ಪೆಲ್ಲೆಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ನಳಿಗೆ ಬಾಯಿಯನ್ನೂ ನೋಡಿ, ಪಕ್ಕದಿಂದ, ಎದುರಿಗೆ ಮುಖ ತರದೆ. ಪೆಲ್ಲೆಟ್ ಇಲ್ಲದ ಗಾಳಿಯೂ ಕಣ್ಣು ಕಳೆಯಬಲ್ಲದು. ನಳಿಗೆಯಲ್ಲಿ ಗುಳ್ಳೆ ಬಂದರೆ ವಾಲ್ವ್ ಸೀಟು. ತುಂಬಿಸುವ ಬಾಯಲ್ಲಿ ಬಂದರೆ ಅಲ್ಲಿನ ಒಮ್ಮುಖ ವಾಲ್ವ್. ಪಕ್ಕದ ಸೂಜಿ ತೂತಿನಲ್ಲಿ ಬಂದರೆ ರೆಗ್ಯುಲೇಟರ್. ಎಲ್ಲಿ ಅಂತ ಬರೆದಿಟ್ಟುಕೊಳ್ಳಿ, ಬಿಚ್ಚಬೇಡಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಕೈಪಿಡಿಯಲ್ಲಿ ಹೇಳಿದ ಹಾಗೆ ಖಾಲಿ ಮಾಡಿ, ರೈಫಲ್ ಮಾಡಿದ ಕಂಪನಿಯ ಸರ್ವೀಸಿಗೇ ಕಳಿಸಿ. ಮೂಲ ಸೀಟು, ಮೂಲ ಓ-ರಿಂಗ್ ಸೆಟ್ ಹಾಕಿಸಿ.

ಕಳಿಸುವ ಮುಂಚೆ ಸಿಲಿಂಡರಿನ ಮೇಲೆ ಕೆತ್ತಿದ ಅಕ್ಷರ ಓದಿ. ಕೆಲಸದ ಒತ್ತಡ ಎಷ್ಟು, ತಯಾರಾದ ತಿಂಗಳು ವರ್ಷ ಯಾವುದು ಅಂತ ಇರಬೇಕು. ನಮ್ಮ ಗ್ಯಾಸ್ ಸಿಲಿಂಡರ್ ನಿಯಮಗಳು 500 ಎಂಎಲ್‌ಗಿಂತ ದೊಡ್ಡ ಸಿಲಿಂಡರಿಗೆ ಅನ್ವಯಿಸುವಂಥವು. ನಿಮ್ಮ ರೈಫಲ್ಲಿನದ್ದು ಅದಕ್ಕಿಂತ ಸಣ್ಣದು, ಹಾಗಾಗಿ ಅದನ್ನು ಪರೀಕ್ಷೆ ಮಾಡಿ ಅಂತ ಯಾವ ಅಧಿಕಾರಿಯೂ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಅಂತಾರಾಷ್ಟ್ರೀಯ ಶೂಟಿಂಗ್ ನಿಯಮದಲ್ಲೂ ಸಿಲಿಂಡರಿನ ಅವಧಿ ಮುಗಿದಿದೆಯೋ ಇಲ್ಲವೋ ಅಂತ ನೋಡಿಕೊಳ್ಳುವುದು ಶೂಟರ್‌ನದ್ದೇ ಜವಾಬ್ದಾರಿ. ಹಲವು ತಯಾರಕರು ಅಲ್ಯುಮಿನಿಯಂ ಸಿಲಿಂಡರಿಗೆ ಕೊಡುವುದು ಹತ್ತು ವರ್ಷ. ನಿಮ್ಮ ಭಾವ ಅದನ್ನು ಯಾವಾಗ ಕೊಂಡರು ಅಂತ ಫೋನ್ ಮಾಡಿ ಕೇಳಿ. ಸಿಲಿಂಡರಿನ ಮೇಲೆ ದಿನಾಂಕವೇ ಇಲ್ಲದಿದ್ದರೆ, ಅಥವಾ ಯಾರೋ ಉಜ್ಜಿ ಅಳಿಸಿದ್ದರೆ, ವಾಲ್ವ್ ರಿಪೇರಿಗೆ ದುಡ್ಡು ಹಾಕಬೇಡಿ. ಮಗ ಅಲ್ಲಿಯವರೆಗೆ ಶೂಟಿಂಗ್ ರೇಂಜಿನವರ ರೈಫಲ್ಲಿನಲ್ಲೇ ಕಲಿಯಲಿ.